ತಡವಾಗಿ ಬಂದವರ ವಿವರಣೆ ಕಥೆಯಂತೆ ಇರತಕ್ಕದ್ದು

ಸುತ್ತೋಲೆ ಸಂಖ್ಯೆ: ತಡ/ವಿವರಣೆ/17/2024-25
ಹಲಗೂರು ಶಾಖಾ ಕಚೇರಿ, ದಿನಾಂಕ: 18-11-2024

ವಿಷಯ: ಸಿಬ್ಬಂದಿಯ ಲಿಖಿತ ವಿವರಣೆಯಲ್ಲಿ ಕಥೆ ಹೇಳುವ ಸಾಮರ್ಥ್ಯ ಸುಧಾರಿಸುವ ಬಗ್ಗೆ.
ಉಲ್ಲೇಖ: ದ್ವಿತೀಯ ದರ್ಜೆ ಸಹಾಯಕ ಶ್ರೀ ಸಿದ್ದರಾಮು ಅವರ ಒಂದೂವರೆ ಸಾಲಿನ ವಿವರಣೆ.

ದಿನಾಂಕ 11ರಂದು ಬೆಳಿಗ್ಗೆ 10.47ಕ್ಕೆ ಶ್ರೀ ಸಿದ್ದರಾಮು ಕಚೇರಿಗೆ ಬಂದರು. ಅವರ ಮನೆ ಕಚೇರಿಯಿಂದ ಇನ್ನೂರು ಹೆಜ್ಜೆ. "ಬಾಗಿಲಿಗೆ ಎಮ್ಮೆ ಅಡ್ಡ ಮಲಗಿತ್ತು. ಆದ್ದರಿಂದ ತಡವಾಯಿತು" ಎಂದಷ್ಟೇ ಬರೆದಿದ್ದಾರೆ. ಇದು ನಿಜವೆಂದು ಸ್ಥಳ ಪರಿಶೀಲನೆಯಲ್ಲಿ ದೃಢಪಟ್ಟಿದೆ. ಆದರೆ ಓದಿದರೆ ನಿಜವೆನಿಸುವುದಿಲ್ಲ. ಅದೇ ದಿನ 11.20ಕ್ಕೆ ಬಂದ ಮದ್ದೂರಿನ ಶ್ರೀ ಜಯಪ್ರಕಾಶ್, ರೈಲಿನ ನೂಕುನುಗ್ಗಲಿನ ಬಗ್ಗೆ ನಾಲ್ಕು ಪುಟ ಬರೆದಿದ್ದು, ಓದಿದ ಅಧೀಕ್ಷಕರು ಕಣ್ಣೊರೆಸಿಕೊಂಡಿರುತ್ತಾರೆ. ಹಲಗೂರಿಗೆ ರೈಲು ಇಲ್ಲವೆಂಬ ಅಂಶವನ್ನು ಆಮೇಲೆ ಗಮನಿಸಲಾಗಿದೆ.

ಕರೆದು ವಿಚಾರಿಸಿದಾಗ ಶ್ರೀ ಸಿದ್ದರಾಮು, "ಎಮ್ಮೆ ಮನೀಕಂಡಿತ್ತು ಮೇಡಮ್, ಎದ್ದೋಯ್ತು, ಬಂದೆ. ಇನ್ನೇನ್ ಬರೀಲಿ?" ಎಂದಿರುತ್ತಾರೆ. ಒಂದು ವಾರದಲ್ಲಿ ಸುಧಾರಿಸದಿದ್ದರೆ ಮಳವಳ್ಳಿಯ ಅಂಕಿಅಂಶ ವಿಭಾಗಕ್ಕೆ ಅವರ ವರ್ಗಾವಣೆ ಆದೇಶ ಸಿದ್ಧವಿದೆ. ಮಧ್ಯಾಹ್ನ ಮನೆಗೆ ಹೋಗಿ ಬಿಸಿ ಮುದ್ದೆ ಉಣ್ಣುವ ಇಪ್ಪತ್ತು ವರ್ಷದ ರೂಢಿ ತಪ್ಪಲಿದೆಯೆಂದು ಅವರು ಕಳವಳಪಟ್ಟಿರುವುದನ್ನೂ ದಾಖಲಿಸಲಾಗಿದೆ.

ಆದ್ದರಿಂದ ಎಲ್ಲ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ:

1. ವಿವರಣೆಗೆ ಆದಿ, ಮಧ್ಯ, ಅಂತ್ಯ ಇರತಕ್ಕದ್ದು. ಮೂರನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸುವುದು.

2. ಎಮ್ಮೆಯನ್ನು ಬರೀ "ಎಮ್ಮೆ" ಎಂದು ನಮೂದಿಸುವಂತಿಲ್ಲ. ಕೊಂಬಿನ ತಿರುವು ಹಾಗೂ ಅಂದಿನ ಮನಸ್ಥಿತಿ ತಿಳಿಸುವುದು. ಮನಸ್ಥಿತಿಗೆ ಪಶುವೈದ್ಯರ ದೃಢೀಕರಣ ಬೇಕಿಲ್ಲ.

3. ಕುತೂಹಲವನ್ನು ಕಚೇರಿ ವೇಳೆಯಲ್ಲಿ ಮಾತ್ರ ಹುಟ್ಟಿಸತಕ್ಕದ್ದು.

4. ಪ್ರತಿ ಮಂಗಳವಾರ ಮೂರು ಗಂಟೆಗೆ ತರಬೇತಿ ಇರುತ್ತದೆ. ಎಮ್ಮೆಯ ಒಡತಿ ಶ್ರೀಮತಿ ಬೆಳ್ಳಮ್ಮ ಅವರನ್ನು ಸಂಪನ್ಮೂಲ ವ್ಯಕ್ತಿಯಾಗಿ ನೇಮಿಸಲಾಗಿದೆ. ಪರಿಶೀಲನೆಗೆ ಹೋದ ಅಧೀಕ್ಷಕರಿಗೆ ಇವರು, "ಕುಂತ್ಕೊಳವ್ವ, ಮೊದ್ಲು ಇದ್ರವ್ವನ್ ಸುದ್ದಿ ಏಳ್ತೀನಿ" ಎಂದು ಆರಂಭಿಸಿ ಒಂದೂಮುಕ್ಕಾಲು ಗಂಟೆ ಏಳಗೊಟ್ಟಿರುವುದಿಲ್ಲ.

5. ತಡವಾಗಿ ಬಾರದವರೂ ವಿವರಣೆ ಸಲ್ಲಿಸುವುದು. ಸಮಯಕ್ಕೆ ಸರಿಯಾಗಿ ಬಂದದ್ದು ಹೇಗೆಂಬುದು ನಂಬುವಂತಿರಬೇಕು.

ಸಹಿ/-
(ಶಶಿರೇಖಾ)
ಅಧೀಕ್ಷಕರು

ಪ್ರತಿ:
1. ಶ್ರೀ ಜಯಪ್ರಕಾಶ್: ರೈಲಿನ ಬಗ್ಗೆ ಸಮಜಾಯಿಷಿ ನೀಡಲು, ಎರಡು ಸಾಲು ಮೀರದಂತೆ.
2. ಶ್ರೀಮತಿ ಬೆಳ್ಳಮ್ಮ: ಸಿಬ್ಬಂದಿ ಇವರಿಗೆ ಓದಿ ಹೇಳಿ, ಇವರು ಮಾತು ಆರಂಭಿಸುವ ಮೊದಲು ಹಿಂದಿರುಗುವುದು.
3. ಶ್ರೀ ಸಿದ್ದರಾಮು: ಪರಿಷ್ಕೃತ ವಿವರಣೆಗಾಗಿ.
4. ಕಚೇರಿ ಕಡತಕ್ಕೆ.

ಷರಾ (25-11-2024): ಶ್ರೀ ಸಿದ್ದರಾಮು ಆದಿ ಮತ್ತು ಮಧ್ಯ ಸಲ್ಲಿಸಿದ್ದಾರೆ. ಎಮ್ಮೆ ಹಿಂಗಾಲು ಎತ್ತಿದೆ, ಮುಂಗಾಲು ಇನ್ನೂ ಮಡಚಿದೆ. ಹಾಳೆ ಅಲ್ಲಿಗೆ ಮುಗಿದಿದೆ. ಅಂತ್ಯ ಕೈಸೇರುವವರೆಗೆ ವರ್ಗಾವಣೆ ಆದೇಶವನ್ನು ತಡೆಹಿಡಿಯಲಾಗಿದೆ. ಮೂರು ಜ್ಞಾಪನ ಕಳುಹಿಸಲಾಯಿತು. ಮೂರು ಸಲವೂ ಅವರು ಊಟಕ್ಕೆ ಮನೆಗೆ ಹೋಗಿದ್ದರು.