ಕಲಿಯುವ ಫೋನಿಗೆ ನಮ್ಮ ಕೇರಿಯಲ್ಲಿ ಪರೀಕ್ಷೆ

ಕೋಟದ ನಮ್ಮ ಕೇರಿಗೆ ಯಾರು ಎಂತ ಪರೀಕ್ಷೆ ಮಾಡಲು ಬಂದರೂ, ಕೊನೆಗೆ ಬೆವರುವುದು ಬಂದವರೇ. ಈ ಸಲ ಬಂದದ್ದು ಡಾಕ್ಟರೇಟಿಗೆ ಓದುವ ಒಂದು ಹುಡುಗಿ. ನನ್ನನ್ನೂ ಸೇರಿಸಿ ಆರು ಹೆಂಗಸರಿಗೆ ಆರು ಫೋನು ಕೊಟ್ಟಳು. ಮೂರು ಸಾದಾ; ಇನ್ನು ಮೂರು, ನಾವು ಹೇಗೆ ಬಳಸುತ್ತೇವೆಂದು ನೋಡಿ ತಾವೇ ಬದಲಾಗುವಂಥವು. ಯಾರದ್ದು ಯಾವುದೆಂದು ಹೇಳಲಿಲ್ಲ. ಫೋನು ನಿಜಕ್ಕೂ ಕಲಿಯುತ್ತದೆಂದು ತೋರಿಸದಿದ್ದರೆ ಅವಳ ಓದನ್ನು ಗೈಡು, ಅಂದರೆ ಅವಳ ಪ್ರೊಫೆಸರು, ಒಪ್ಪುವುದಿಲ್ಲವಂತೆ.

೧. ಮಾರ್ಕು

ವಾರ ಬಿಟ್ಟು ಬಂದು, "ಐದಕ್ಕೆ ಎಷ್ಟು ಮಾರ್ಕ್ ಕೊಡ್ತೀರಿ?" ಎಂದಳು. ಆರೂ ಜನ ಐದು ಕೊಟ್ಟೆವು.

"ಕೆಟ್ಟದಿದ್ರೆ ಕೆಟ್ಟದು ಅಂತಲೇ ಹೇಳಿ ಅಮ್ಮ."

ಹೋಟೆಲಿನವನ ಹೆಂಡತಿಗೆ ಸಿಟ್ಟೇ ಬಂತು. "ಎಂತ ಹೆಣ್ಣೇ, ಬಿಸಿಲಲ್ಲಿ ನಡ್ಕಂಡ್ ಬಂದವ್ಳಿಗೆ ಕಮ್ಮಿ ಕೊಡುಕ್ ಆತ್ತಾ?"

ಅವಳ ಫೋನು ತರಿಸಿ ನೋಡಿದರೆ, ಡಬ್ಬದ ಪ್ಲಾಸ್ಟಿಕ್ಕೇ ಇನ್ನೂ ಹರಿದಿರಲಿಲ್ಲ.

೨. ಸರದಿ

ಕೆಲವು ಫೋನುಗಳಲ್ಲಿ ಅಕ್ಷರ ತಾನಾಗಿ ದೊಡ್ಡದಾದದ್ದು ಕೇರಿಗೆಲ್ಲ ಗೊತ್ತಾಯಿತು. "ಅವ್ಳಿಗ್ ಬುದ್ಧಿ ಇದ್ದ ಫೋನು, ನಂಗ್ ಪೆದ್ದ್ ಫೋನಾ?" ಎಂದು ಅಂಗನವಾಡಿ ಟೀಚರು ಮುಖ ಊದಿಸಿದಳು. ನ್ಯಾಯದ ಮಾತೇ ಅಲ್ಲವಾ? ಸಿಮ್ಮು ಬದಲಿಸಿಕೊಂಡು, ಎರಡೆರಡು ದಿನಕ್ಕೊಬ್ಬರಂತೆ ಸರದಿ ಹಚ್ಚಿದೆವು. ಒಬ್ಬಳಿಗೆ ಅಕ್ಷರ ದೊಡ್ಡದು ಬೇಕು, ಒಬ್ಬಳಿಗೆ ಸಣ್ಣದು; ಒಬ್ಬಳಿಗೆ ಭಜನೆ, ಒಬ್ಬಳಿಗೆ ಧಾರಾವಾಹಿ. ಹುಡುಗಿ ಬಂದು ನೋಡುವಾಗ ಆ ಫೋನುಗಳು ಆರು ಅತ್ತೆಯರ ಮನೆಯ ಸೊಸೆಯಂತಾಗಿದ್ದವು: ಯಾರು ಮುಟ್ಟಿದರೂ ಏನು ಮಾಡಬೇಕೆಂದು ತಿಳಿಯದೆ ನಿಂತುಬಿಡುತ್ತಿದ್ದವು.

೩. ದೊಡ್ಡ ಹೆಸರು

ಹುಡುಗಿ ಅತ್ತೇಬಿಟ್ಟಳು. ಪಾಪ ಅನ್ನಿಸಿ, ಮತ್ತೆ ಒಂದು ತಿಂಗಳು ನಮ್ಮ ನಮ್ಮ ಫೋನು ನಾವೇ ಇಟ್ಟುಕೊಂಡೆವು. ಕೊನೆಗೆ ಗೈಡೇ ಬಂದು ನನ್ನ ಜಗಲಿಯಲ್ಲಿ ಕೂತರು. ನಾವು ಯಾರ ಹತ್ತಿರ ಹೆಚ್ಚು ಮಾತಾಡುತ್ತೇವೋ ಅವರ ಹೆಸರು ಕಲಿಯುವ ಫೋನಿನಲ್ಲಿ ಮೇಲ್ಗಡೆ ದೊಡ್ಡದಾಗಿ ಕಾಣಬೇಕು, ಅದೇ ಪರೀಕ್ಷೆ.

ಎದುರುಮನೆಯವಳು, "ನಾನ್ ಹೆಚ್ಚ್ ಮಾತಾಡುದ್ ಬ್ರಹ್ಮಾವರದ ತಮ್ಮನ್ ಹತ್ರ" ಎಂದಳು. ಫೋನು ತೋರಿಸಿದ್ದು ಅವಳ ಓರಗಿತ್ತಿಯ ಹೆಸರು! ಬೇಲಿ ಜಗಳವಾಗಿ ನಾಲ್ಕು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಇವಳು ಅಂದದ್ದನ್ನು ಅವಳಿಗೆ, ಅವಳು ಅಂದದ್ದನ್ನು ಇವಳಿಗೆ, ಸ್ವಲ್ಪ ಉಪ್ಪುಖಾರ ಹಾಕಿ ಮುಟ್ಟಿಸುತ್ತಿದ್ದವಳು ನಾನೇ.

"ಫೋನ್ ತಪ್ಪು ಕಲಿತಿದೆ" ಎಂದು ಗೈಡು ಪೆನ್ನು ತೆಗೆದರು. ಹುಡುಗಿಯ ಮುಖ ಬಿಳಿಚಿತು. ಅದನ್ನು ನೋಡಿದ ಎದುರುಮನೆಯವಳು ಸೆರಗಿನ ತುದಿ ಹಿಂಡುತ್ತ ಅಂದಳು, "ಬರೀಬೇಡಿ ಸಾರ್. ಫೋನ್ ಸಮಾ ಕಲ್ತಿತ್ತ್. ಅವ್ಳ್ ಹತ್ರ ದಿನಾ ಮಾತಾಡ್ತೆ."

ಗೈಡು ಸರಿ ಗುರುತು ಹಾಕಿದರು, ಹುಡುಗಿಗೆ ಜೀವ ಬಂತು. ನನಗೆ ಮಾತ್ರ ತಡೆಯಲಾಗಲಿಲ್ಲ. "ಅಲ್ಲ ಮಾರಾಯ್ತಿ, ದಿನಾ ಮಾತಾಡುಕೆ ನಿಮ್ಗ್ ಅಂಥದ್ದ್ ಎಂತ ಇತ್ತ್?"

"ನೀವ್ ನಮ್ಮಿಬ್ರ್ ಹತ್ರ ಹೇಳಿದ್ದನ್ನ್ ತಾಳೆ ನೋಡುದ್, ಅಕ್ಕ."