ಪಿಯಾನೋ ಇಳಿಸುವ ಗಂಡು ಬೇಕಾಗಿದೆ

ನಮ್ಮ ಸೋದರಮಾವನಿಗೆ ಹುಚ್ಚು ಎಂದು ಯಾರಾದರೂ ಹೇಳಿದರೆ ನನಗೆ ಕೆಟ್ಟ ಕೋಪ ಬರುತ್ತದೆ. ಹುಚ್ಚಿಗೂ ಒಂದು ಮಾನ ಮರ್ಯಾದೆ ಬೇಡವೇ? ಅದನ್ನು ತಂದು ನಮ್ಮ ಮಾವನ ತಲೆಗೆ ಕಟ್ಟುವುದೇ?

ಕಮರ್ಷಿಯಲ್ ಸ್ಟ್ರೀಟಿನ ಪಕ್ಕದ ಗಲ್ಲಿಯಲ್ಲಿ ಮಾವನದು ಗುಂಡಿ, ಜಿಪ್ಪು, ಲೇಸು ಮಾರುವ ಅಂಗಡಿ. ಹಗಲೆಲ್ಲ ದರ್ಜಿಗಳ ಜೊತೆ ಕನ್ನಡ, ತಮಿಳು, ಉರ್ದು ಮೂರರಲ್ಲೂ ಜಗಳವಾಡಿ, ಸಂಜೆ ಹಲಸೂರಿನ ಮನೆಗೆ ಬಂದು ಕೈಕಾಲು ತೊಳೆದು ಟೀವಿ ಮುಂದೆ ಕೂತರೆಂದರೆ ವಿಡಿಯೋ ಗೇಮ್ ಶುರು! ಅರವತ್ತರ ಹತ್ತಿರದ ಗಂಡಸು ವಿಡಿಯೋ ಗೇಮ್ ಆಡುವುದರಲ್ಲಿ ಏನು ಮಹಾ, ಅಂತೀರಾ? ಸ್ವಲ್ಪ ತಾಳಿ. ಊರೆಲ್ಲ ಆಡುವ ಆಟವನ್ನು ಮಾವ ಕಣ್ಣೆತ್ತಿಯೂ ನೋಡುವುದಿಲ್ಲ. ಗುಂಡು ಹಾರಿಸುವುದು, ಕಾರು ಓಡಿಸುವುದು, ಕ್ರಿಕೆಟ್ಟು, ಊಹೂಂ. ಯಾರೂ ಕೇಳದ, ಯಾರೂ ಕೊಳ್ಳದ, ಮಾಡಿದವನೇ ಮರೆತಿರುವ ಆಟಗಳೇ ಆಗಬೇಕು.

“ಯಾಕೆ ಮಾವ ಹೀಗೆ?” ಎಂದು ಒಮ್ಮೆ ಕೇಳಿದೆ.

“ಮದುವೆ ಮನೇಲಿ ಮೂಲೇಲಿ ಒಬ್ರೇ ಕೂತಿರ್ತಾರಲ್ಲೋ, ನಾನು ಹೋಗಿ ಮಾತಾಡ್ಸೋದು ಅವರನ್ನೇ. ಮದುಮಗನ್ನ ಮಾತಾಡ್ಸೋಕೆ ಜನ ಬೇಕಾದಷ್ಟಿದಾರೆ!”

ಶಿವಾಜಿನಗರದಲ್ಲಿ ಹಳೆಯ ಡಿಸ್ಕುಗಳನ್ನು ಮಾರುವ ಒಬ್ಬ ಭಾಯ್ ಇದ್ದಾರೆ. ಬೇರೆ ಗಿರಾಕಿಗಳು ಅಲ್ಲಿ ಹೋಗಿ “ಹೊಸದು ಏನ್ ಬಂದಿದೆ?” ಎಂದು ಕೇಳಿದರೆ, ನಮ್ಮ ಮಾವ ಕೇಳುವುದು, “ವಾಪಸ್ ಏನ್ ಬಂದಿದೆ?” ಒಮ್ಮೆ ಮಾವ ಮೇಲಿನ ಹಲಗೆಯ ಹಿಂದಿನಿಂದ ಧೂಳು ಹಿಡಿದ ಒಂದು ಡಬ್ಬಿಯನ್ನು ಎಳೆದು ತೆಗೆದಾಗ ಭಾಯ್ ಗಾಬರಿಯಾದರು. “ಸಾರ್, ಇದು ಇದೆ ಅಂತ ನನಗೇ ಗೊತ್ತಿರ್ಲಿಲ್ಲ. ಮನೇಲಿ ಎಲ್ಲಾ ಆರಾಮಾ?”

ಆ ಡಬ್ಬಿಯ ಆಟದಲ್ಲಿ ನೀವು ನಡುಗಡ್ಡೆಯೊಂದರ ದೀಪಸ್ತಂಭದ ಕಾವಲುಗಾರ. ದೀಪದ ಗಾಜು ಒರೆಸುತ್ತಾ ಹಡಗಿಗಾಗಿ ಕಾಯಬೇಕು. ನನ್ನನ್ನು ಇಂದಿರಾನಗರದಿಂದ ಕರೆಸಿ, ಕೂರಿಸಿ, ಆಡಿಸಿದರು. ಒರೆಸಿದೆ, ಒರೆಸಿದೆ. ಹಡಗಿನ ಸುಳಿವೇ ಇಲ್ಲ!

“ಹಡಗು ಯಾವಾಗ ಬರತ್ತೆ ಮಾವ?”

“ಬರೋದು ಬಿಡೋದು ಹಡಗಿನಿಷ್ಟ. ನಿನ್ನ ಕೆಲಸ ನೀನ್ ಮಾಡು.”

ನಮ್ಮ ಮನೆಯಲ್ಲಿ ಸ್ವಂತ ಕಿಟಕಿಯ ಗಾಜನ್ನೇ ನಾನು ಒರೆಸಿದವನಲ್ಲ. ಅವತ್ತು ರಾತ್ರಿ ಊಟಕ್ಕೆ ಕೂತಾಗಲೂ ತಟ್ಟೆಯನ್ನು ಒರೆಸುತ್ತಿದ್ದೆನಂತೆ, ಹೆಂಡತಿ ಹೇಳಿದಳು.

ಮಾವನ ಜೊತೆ ಈ ಆಟಗಳನ್ನು ಮನಸ್ಸಿಟ್ಟು ಆಡುವ ಜೀವ ಭೂಮಿಯ ಮೇಲೆ ಒಂದೇ ಒಂದು: ಅವರ ಒಬ್ಬಳೇ ಮಗಳು ಸಿಂಧು. ಪುಲಿಕೇಶಿನಗರದ ಒಂದು ಶಾಲೆಯಲ್ಲಿ ಟೀಚರ್. ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಅಪ್ಪನ ಪಕ್ಕ ಚಾಪೆಯ ಮೇಲೆ ಕೂತು ಆಡಿದವಳು. ಇಬ್ಬರಿಗೂ ಅಚ್ಚುಮೆಚ್ಚಿನದು ಪಿಯಾನೋ ಆಟ. ಮೂರನೇ ಮಹಡಿಯ ಮನೆಯಿಂದ ಒಂದು ದೊಡ್ಡ ಪಿಯಾನೋವನ್ನು ಇಕ್ಕಟ್ಟಾದ ಮೆಟ್ಟಿಲುಗಳ ಮೇಲೆ ಹೊತ್ತು ಬೀದಿಗೆ ಇಳಿಸಬೇಕು. ಆ ತುದಿ ಒಬ್ಬರದು, ಈ ತುದಿ ಇನ್ನೊಬ್ಬರದು. ಹೆಜ್ಜೆ ತಪ್ಪಿದರೆ ಧಡಾರ್! ಮತ್ತೆ ಮೇಲಿನಿಂದ ಶುರು. ಇಂಥದ್ದನ್ನು ಯಾವ ದೇಶದ ಯಾವ ಪುಣ್ಯಾತ್ಮ ಮಾಡಿದನೋ! ಆಡಿದವರು ಅವನು, ಅವನ ಹೆಂಡತಿ, ಬಿಟ್ಟರೆ ಹಲಸೂರಿನ ಈ ಅಪ್ಪ ಮಗಳು.

ಸಿಂಧುವಿಗೆ ಗಂಡು ಹುಡುಕಲು ಶುರು ಮಾಡಿದಾಗ ಅತ್ತೆ ಜಾತಕದ ಪ್ರತಿಗಳನ್ನು ತೆಗೆಸಿದರು. ಮಾವ ಪಿಯಾನೋ ಆಟವನ್ನು ತೆಗೆದರು. ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೇಸರಿಬಾತು, ಉಪ್ಪಿಟ್ಟು, ಕಾಫಿ ಆದ ಮೇಲೆ ಹುಡುಗ ಹುಡುಗಿ ಮಾತಾಡಲಿ ಎಂದು ಮಹಡಿಗೆ ಕಳಿಸುತ್ತಾರಲ್ಲ, ಮಾವ ಆ ಪದ್ಧತಿಯನ್ನೇ ರದ್ದು ಮಾಡಿದರು. “ಮಾತಲ್ಲಿ ಎಲ್ಲಾರೂ ಒಳ್ಳೆಯವರೇ. ಭಾರ ಹೊರುವಾಗ ಗೊತ್ತಾಗತ್ತೆ!”

ಮೊದಲು ಬಂದ ಬ್ಯಾಂಕಿನವನು ಕೂತಲ್ಲಿಂದಲೇ “ಎಡಕ್ಕೆ ಬಾ, ಎಡಕ್ಕೆ ಬಾ ಅಂದ್ನಲ್ಲ!” ಎಂದು ಸಿಂಧುವನ್ನು ಗದರಿಸಿದ. ಅವನ ಉಪ್ಪಿಟ್ಟು ಹೊಟ್ಟೆಯಲ್ಲಿ ಕರಗುವ ಮೊದಲೇ ಮಾವ ತಲೆಯಾಡಿಸಿಬಿಟ್ಟಿದ್ದರು. ಎರಡನೆಯವನಿಗೆ ನಡುಮೆಟ್ಟಿಲಲ್ಲಿ ಫೋನ್ ಬಂತು. ತನ್ನ ತುದಿ ಬಿಟ್ಟು ಫೋನ್ ಎತ್ತಿಕೊಂಡ. ಧಡಾರ್! ಅವನ ತಾಯಿಯೂ ಸುಮ್ಮನಿರಲಿಲ್ಲ. “ನಾವು ಹೆಣ್ಣು ನೋಡಕ್ ಬಂದ್ವಾ, ಮನೆ ಸಾಮಾನು ಸಾಗ್ಸಕ್ ಬಂದ್ವಾ?” ಎಂದು ಕೇಳಿ ಎದ್ದು ಹೊರಟರು.

ಮೂರನೆಯವನು ಮಾತ್ರ ಭೂಪ. ಒಂದೇ ಏಟಿಗೆ ಪಿಯಾನೋವನ್ನು ಬೀದಿಗೆ ಇಳಿಸಿದ! ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅತ್ತೆ ಮನಸ್ಸಿನಲ್ಲೇ ಛತ್ರ ನೋಡಲು ಹೊರಟರು. ಮಾವ ಅವನನ್ನೂ ಬೇಡ ಎಂದರು!

“ಗೆದ್ನಲ್ರೀ ಅವನು!” ಅತ್ತೆ ಹಣೆ ಚಚ್ಚಿಕೊಂಡರು.

“ಅವನು ಗೆದ್ದ. ಪಿಯಾನೋ ಜೊತೆ ನನ್ನ ಮಗಳನ್ನೂ ದರದರ ಅಂತ ಎಳ್ಕೊಂಡು ಹೋದ. ನೀನು ನೋಡ್ಲಿಲ್ವಾ?”

ಹೀಗಿರುವಾಗ ಸಿಂಧು ಒಂದು ದಿನ ನನ್ನನ್ನು ಮಾಸ್ಕ್ ರೋಡಿಗೆ ಕರೆದು ಚಹಾ ಕುಡಿಸಿದಳು. ತನ್ನ ಶಾಲೆಯ ಗಣಿತದ ಮೇಷ್ಟ್ರನ್ನು ಮೆಚ್ಚಿದ್ದಾಳಂತೆ. ಹುಡುಗ ಕೆ.ಆರ್. ಪುರದವನು, ಮನೆಯವರು ಹೆಣ್ಣು ನೋಡಲು ಭಾನುವಾರ ಬರುತ್ತಾರೆ.

“ಆಟ ಬರತ್ತಾ ಅವನಿಗೆ?” ಎಂದೆ.

“ಫೋನಲ್ಲಿ ಇಸ್ಪೀಟು ಕೂಡ ಆಡಿಲ್ಲ ಕಣೋ.”

“ಕಲಿಸ್ಬಿಡು ಮತ್ತೆ!”

“ಅಪ್ಪಂಗೆ ಮೋಸ ಮಾಡಲ್ಲ. ಆದ್ರೆ ಅಪ್ಪ ಬೇಡ ಅಂದ್ಬಿಟ್ರೆ ಏನ್ ಮಾಡ್ಲಿ? ಇವನನ್ನ ಬಿಡಕ್ಕಾಗಲ್ಲ. ಅಪ್ಪನ್ನ ನೋಯಿಸಿ ಮದುವೆ ಆಗೋದೂ ನನ್ನಿಂದ ಆಗಲ್ಲ.” ಅವಳ ಕಣ್ಣು ತುಂಬಿತು. ನಾನು ಇನ್ನೊಂದು ಚಹಾ ಹೇಳಿದೆ, ಅಷ್ಟೇ ನನ್ನಿಂದಾದದ್ದು.

ಭಾನುವಾರ ಬಂತು. ಹುಡುಗ ನೆಟ್ಟಗೆ ಕೂತು ಕೇಸರಿಬಾತು ತಿಂದ. ಮಾವ ಆಟದ ರಿಮೋಟನ್ನು ಕೈಗಿತ್ತರು. ಅವನು ಅದನ್ನು ತಲೆಕೆಳಗಾಗಿ ಹಿಡಿದ! ಸಿಂಧು ತಿರುಗಿಸಿ ಕೊಟ್ಟಳು. ಮೊದಲ ಮೆಟ್ಟಿಲಲ್ಲೇ ಧಡಾರ್!

“ಸಾರಿ, ತಪ್ಪು ನಂದೇ,” ಎಂದ ಹುಡುಗ. “ಇನ್ನೊಂದ್ ಸಲ ನೋಡೋಣ್ವಾ?”

ಧಡಾರ್! ಮತ್ತೊಮ್ಮೆ. ಧಡಾರ್! ಒಂದು ಸಲ ಪಿಯಾನೋವನ್ನು ಬಿಟ್ಟು ಅವನೊಬ್ಬನೇ ಉರುಳಿಕೊಂಡು ಬೀದಿಗೆ ಬಂದ. ಸಿಂಧು ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೇನೋ ಎಂದು ನಾನು ಹೆದರಿದೆ. ನೋಡಿದರೆ ನಗು! ಹೊಟ್ಟೆ ಹಿಡಿದುಕೊಂಡು, ಸೆರಗು ಜಾರಿದ್ದೂ ತಿಳಿಯದೆ, ಮೂಗಿನಿಂದ ಸದ್ದು ಬರುವ ಹಾಗೆ ನಗುತ್ತಿದ್ದಾಳೆ. ಹುಡುಗನೂ ನಗುತ್ತಾ, “ಈ ಪಿಯಾನೋನ ಯಾರಾದ್ರೂ ಆ ಮನೇಲೇ ಬಿಟ್ಬಿಡಬಾರ್ದಾ?” ಎಂದ. ಬೀಗರಾಗಬೇಕಾದವರು ಗಡಿಯಾರ ನೋಡುತ್ತಿದ್ದರು. ಅತ್ತೆ ದೇವರ ಫೋಟೋ ನೋಡುತ್ತಿದ್ದರು.

ಮಾವ ಟೀವಿಯ ಕಡೆ ನೋಡುತ್ತಲೇ ಇರಲಿಲ್ಲ. ಮಗಳ ಮುಖವನ್ನೇ ನೋಡುತ್ತಿದ್ದವರು ಸದ್ದಿಲ್ಲದೆ ಎದ್ದು ಅಡುಗೆಮನೆಗೆ ಹೋದರು. ಅತ್ತೆಯೂ ನಾನೂ ಹಿಂದೆಯೇ ಓಡಿದೆವು.

“ಹುಡುಗನಿಗೆ ಏನೂ ಬರಲ್ಲ ಕಣೇ,” ಎಂದರು ಮಾವ. “ಎಡ ಯಾವ್ದು ಬಲ ಯಾವ್ದು ಅಂತಾನೂ ಗೊತ್ತಿಲ್ಲ.”

ಅತ್ತೆಯ ಮುಖ ಬಾಡಿಹೋಯಿತು.

“ಇಷ್ಟು ವರ್ಷ ನನ್ನ ಜೊತೆ ಆಡಿದಾಳೆ, ಒಂದ್ ದಿನಾನೂ ಪಿಯಾನೋನ ಬೀಳಿಸ್ಲಿಲ್ಲ. ಎಷ್ಟ್ ಚೆನ್ನಾಗಿ ಆಡ್ತಾಳೆ ನನ್ ಮಗಳು ಅಂತ ಜಂಬ ಪಡ್ತಿದ್ದೆ. ಬಿದ್ರೆ ಅಪ್ಪ ಬೇಜಾರ್ ಮಾಡ್ಕೋತಾರೆ ಅಂತ ಉಸಿರು ಬಿಗಿ ಹಿಡ್ಕೊಂಡು ಆಡ್ತಿದ್ಲು ಕಣೇ ಪಾಪ. ಬೀಳಿಸ್ಕೊಂಡು ಹಿಂಗ್ ನಗೋದನ್ನ ನಾನು ನೋಡೇ ಇರ್ಲಿಲ್ಲ.”

ಹೊರಗೆ ಇನ್ನೊಮ್ಮೆ ಧಡಾರ್, ಅದರ ಹಿಂದೆಯೇ ಇಬ್ಬರ ನಗು. ಮಾವ ಒಲೆಯ ಪಕ್ಕದ ಮಸಿಬಟ್ಟೆಯಲ್ಲೇ ಕಣ್ಣೊರೆಸಿಕೊಂಡರು. ಬೇರೆ ದಿನವಾಗಿದ್ದರೆ ಅತ್ತೆ ಅದಕ್ಕೇ ಒಂದು ಗಂಟೆ ಬೈಯುತ್ತಿದ್ದರು. ಈಗ ಅವರು ಬೆಳ್ಳಿತಟ್ಟೆ ತೆಗೆದು, ಎಲೆ ಅಡಿಕೆ, ತೆಂಗಿನಕಾಯಿ, ಹೂವು ಜೋಡಿಸಿ ಮಾವನ ಕೈಗಿತ್ತರು. ಒಪ್ಪಿಗೆಯ ತಾಂಬೂಲ.

ತಟ್ಟೆ ಹಿಡಿದು ಹೊರಟ ಮಾವ ಬಾಗಿಲಲ್ಲೇ ನಿಂತುಬಿಟ್ಟರು.

“ಹೋಗ್ರೀ, ಅವರು ಎದ್ದು ಹೋಗೋಕ್ ಮುಂಚೆ!” ಎಂದು ಅತ್ತೆ ಹಿಂದಿನಿಂದ ತಳ್ಳಿದರು.

“ತಡಿಯೇ ಸ್ವಲ್ಪ,” ಎಂದರು ಮಾವ. “ಮಗು ಆಡ್ತಿದೆ.”