ಪಾಟಿಯ ಮೇಲಿನ ಕಂಪ್ಯೂಟರ್

ಕಂಪ್ಯೂಟರ್ ಎಂಬ ಪದಾರ್ಥವನ್ನು ನಮ್ಮೂರಿನಲ್ಲಿ ಮೊಟ್ಟಮೊದಲು ಕಣ್ಣಾರೆ ಕಂಡವನು ನಾನು. ಎಂಬತ್ತರ ದಶಕದ ಮಾತು. ನವಲಗುಂದ ತಾಲೂಕಿನ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ಗಣಿತದ ಮಾಸ್ತರ. ಧಾರವಾಡದ ತರಬೇತಿಗೆ ನನ್ನನ್ನು ಕಳಿಸಿದ್ದರು. ಅಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್, ಅದರ ಸುತ್ತ ಜಿಲ್ಲೆಯ ಮಾಸ್ತರರೆಲ್ಲ. ನನಗೆ ಸಿಕ್ಕಿದ್ದು ಬಾಗಿಲ ಹತ್ತಿರದ ಜಾಗ. ಆದರೂ ಇಣುಕಿ ಇಣುಕಿ ಅದರ ಗುಂಡಿಗಳ ಚಿತ್ರ ಬರೆದುಕೊಂಡೆ, ಕೊಟ್ಟ ಚಹಾ ಕುಡಿದೆ, ತಜ್ಞನಾಗಿ ಬಸ್ಸು ಹತ್ತಿದೆ.

ಹೊರಡುವಾಗ ಇಲಾಖೆಯ ಸಾಹೇಬರು ಒಂದು ಮಾತು ಹೇಳಿದ್ದರು. "ಇದು ಕಪಾಟಿನ್ಯಾಗ ಇಟ್ಟು ಪೂಜಾ ಮಾಡೂ ಸಾಮಾನಲ್ಲ. ಪ್ರತಿಯೊಬ್ಬ ಹುಡುಗನ ಕೈಗೂ ಸಿಗಬೇಕು. ನಿಮ್ಮ ಸಾಲಿಗೆ ನಾನೇ ಜೀಪಿನ್ಯಾಗ ತರತೀನಿ. ಹುಡುಗರಿಗೆ ತಮ್ಮ ಹೆಸರು ಬರಿಯಾಕ ಬಂತು, ಮಷೀನ್ ನಿಮ್ಮದು. ಬರಲಿಲ್ಲ, ಬೇರೆ ಸಾಲಿಗೆ ಹೋಗತದ."

ಒಂದು ಮಷೀನು, ಶಾಲೆ ತುಂಬ ಹುಡುಗರು. ಅದೂ ಇನ್ನೂ ಬಂದಿಲ್ಲ. ಹೆಡ್ ಮಾಸ್ತರರು ಕೈಚೆಲ್ಲಿ ಕೂತರು. ನಾನು ಕೂಡಲಿಲ್ಲ. ಪ್ರತಿ ಮಗುವಿಗೂ ಒಂದೊಂದು ಕಂಪ್ಯೂಟರ್ ಕೊಡುವ ಯೋಜನೆಯನ್ನು, ಸರಕಾರಕ್ಕೂ ಹೊಳೆಯದ ಯೋಜನೆಯನ್ನು, ಒಂದು ಊಟದ ಹೊತ್ತಿನಲ್ಲಿ ಹಾಕಿಬಿಟ್ಟೆ. ಮನೆಯಿಂದ ಒಂದೊಂದು ಪಾಟಿ, ಅಂದರೆ ಸ್ಲೇಟು, ತರುವುದು, ಅದರ ಮೇಲೆ ಬಿಳಿ ಬಣ್ಣದಿಂದ ಗುಂಡಿಗಳನ್ನು ಬರೆಯುವುದು, ತೊಡೆಯ ಮೇಲಿಟ್ಟುಕೊಂಡು ಕಲಿಯುವುದು!

ಮನೆಯಲ್ಲಿ ಚಿತ್ರ ಬಿಡಿಸಿ ನೋಡಿದಾಗ ಭಯಂಕರ ಸಂಗತಿಯೊಂದು ಕಣ್ಣಿಗೆ ಬಿತ್ತು. ಇಂಗ್ಲಿಷ್ ಅಕ್ಷರಗಳೆಲ್ಲ ಅಸ್ತವ್ಯಸ್ತ. ಎ ಒಂದು ಕಡೆ, ಬಿ ಇನ್ನೊಂದು ಕಡೆ. ಅಪರೂಪಕ್ಕೆ ಕೆಲಸಕ್ಕೆ ಬರುವ ಕ್ಯೂ ಎಲ್ಲರಿಗಿಂತ ಮುಂದೆ ಬಂದು ಪಂಕ್ತಿಗೆ ಕೂತಿತ್ತು. ಧಾರವಾಡದ ಮಷೀನನ್ನು ಯಾರೋ ಬಿಚ್ಚಿ, ಅವಸರದಲ್ಲಿ ಗುಂಡಿ ಅದಲುಬದಲು ಮಾಡಿ ಕೂಡಿಸಿದ್ದಾರೆಂದು ತೀರ್ಮಾನಿಸಿದೆ. ಎಲ್ಲವನ್ನೂ ಎ, ಬಿ, ಸಿ ಎಂದು ಸಾಲಾಗಿ ತಿದ್ದಿ ಬರೆದೆ.

ಹೆಂಡತಿ ಸುಮಿತ್ರಾ ರೊಟ್ಟಿ ಬಡಿಯುತ್ತಲೇ ನೋಡಿದಳು. "ಯಾರನ್ನರ ಒಂದ್ ಮಾತು ಕೇಳಬಾರದೇನ್ರಿ?"

"ಇಷ್ಟು ವರ್ಷ ಹುಡುಗರ ತಪ್ಪು ತಿದ್ದೀನಿ. ತಪ್ಪು ಯಾವುದು ಅಂತ ನನಗ ಗೊತ್ತಾಗೂದಿಲ್ಲೇನು?"

"ಮನ್ಯಾಗ ಒಂದೂ ಗೊತ್ತಾಗೂದಿಲ್ಲ. ಅದಕ್ಕ ಕೇಳಿದೆ."

ಹೈಸ್ಕೂಲಿನ ಹುಡುಗರಿಗೆ ಪಾಟಿ ಎಲ್ಲಿಂದ ಬರಬೇಕು? ಮನೆಯ ಸಣ್ಣ ತಮ್ಮ-ತಂಗಿಯರ ಪಾಟಿ ಎತ್ತಿಕೊಂಡು ಬಂದರು. ಶಾಲೆಯ ಗೇಟಿಗೆ ಹಚ್ಚಿ ಉಳಿದ ಎಣ್ಣೆಬಣ್ಣದಲ್ಲಿ ನಾನು ಬರೆದೆ. ಮರುದಿನವೇ ಎದುರಿನ ಪ್ರಾಥಮಿಕ ಶಾಲೆಯ ಮಾಸ್ತರರು ಓಡಿ ಬಂದರು. "ಒಂದನೇ ಇಯತ್ತೆ ಹುಡುಗರಿಗೆ 'ಅ' ಬರಿಯಾಕ ಜಾಗಾ ಇಲ್ಲದಂಗ ಮಾಡೀರೆಲ್ಲ ಮಾರಾಯರ!" ದೇಶದ ಪ್ರಗತಿಗೆ ಸಣ್ಣವರು ಸ್ವಲ್ಪ ತ್ಯಾಗ ಮಾಡಬೇಕಾಗುತ್ತದೆ ಎಂದು ಅವರಿಗೆ ತಿಳಿಸಿ ಹೇಳಿದೆ.

ಪಾಲಕರಲ್ಲಿ ಪಾಟಿ ಕೊಡದವಳು ನೀಲವ್ವ ಒಬ್ಬಳೇ. ನನ್ನ ತರಗತಿಯಲ್ಲಿದ್ದ ಮಗಳು ಸಾವಕ್ಕನ ಕೈಹಿಡಿದುಕೊಂಡು ಶಾಲೆಗೇ ಬಂದಳು. "ಮಾಸ್ತರ, ಪಾಟಿ ತಂದಿದ್ದು ನಮ್ಮ ಸಣ್ಣಾಂವ ಬರೀಲಿ ಅಂತ. ಬಣ್ಣಾ ಬಡಿಯಾಕಲ್ಲ." ನನಗೆ ಸಿಟ್ಟು ಬಂತು. ಪಾಟಿ ಇಲ್ಲದವಳು ಕಲಿಯುವುದಾದರೂ ಹೇಗೆ? ಕಂಪ್ಯೂಟರ್ ಪಿರಿಯಡ್ಡಿನಲ್ಲಿ ಅಂಗಳದ ಬೇವಿನ ಸಸಿಗಳಿಗೆ ನೀರು ಹಾಕು ಎಂದು ಸಾವಕ್ಕನ ಕೈಗೆ ಬಕೆಟ್ ಕೊಟ್ಟೆ.

ಉಳಿದವರನ್ನು ಮಾತ್ರ ಅರೆದು ಕುಡಿಸಿದಂತೆ ತಯಾರು ಮಾಡಿದೆ. "ಗುಂಡಿ ನೋಡಬ್ಯಾಡ್ರಿ, ಕಣ್ಣು ಮುಚ್ಚಿ ಒತ್ರಿ." ಟಕಟಕ, ಟಕಟಕ. ಸ್ವಲ್ಪ ದಿನಗಳಲ್ಲೇ ಇಡೀ ತರಗತಿ ಕಣ್ಣು ಮುಚ್ಚಿಕೊಂಡು ತೊಡೆಯ ಮೇಲಿನ ಪಾಟಿಯಲ್ಲಿ ತಮ್ಮ ತಮ್ಮ ಹೆಸರು ಬರೆಯತೊಡಗಿತು. ನೋಡಿ ನನ್ನ ಕಣ್ಣು ತುಂಬಿ ಬಂತು.

ಜೀಪು ಬಂತು. ಕರೆಂಟೂ ಇತ್ತು, ಅದೇ ದೊಡ್ಡ ಮಾತು. ಪಾಲಕರೆಲ್ಲ ಬಾಗಿಲಲ್ಲಿ ತುಂಬಿ ನಿಂತರು. ಸಾಹೇಬರು ಮಷೀನು ಜೋಡಿಸಿದರು. ನಾನು ನನ್ನ ಹೆಮ್ಮೆಯ ಶಿಷ್ಯ ಬಸವನನ್ನು ಕರೆದೆ. ಅವನು ಕಣ್ಣು ಮುಚ್ಚಿ, ಮುಖ ಮೇಲೆತ್ತಿ, ಟಕಟಕನೆ ಹೆಸರು ಒತ್ತಿಬಿಟ್ಟ.

ಪರದೆಯ ಮೇಲೆ ಡಬ್ಲ್ಯೂ, ಕ್ಯೂ, ಎಲ್, ಕ್ಯೂ, ಸಿ, ಕ್ಯೂ ಎಂದು ಮೂಡಿತು.

ನಾನು ಹಿಂದಿನ ಸಾಲಿಗೆ ಅಟ್ಟಿದ್ದ ಕ್ಯೂ ಮೂರು ಸಲ ಬಂದು ನನಗೆ ಮುಖ ತೋರಿಸಿ ಹೋಗಿತ್ತು. ಎರಡನೆಯವನು ಬಂದ, ಮೂರನೆಯವಳು ಬಂದಳು, ಅದೇ ಹಣೆಬರಹ.

"ಯಾವ ಭಾಷೆರಿ ಇದು?" ಎಂದರು ಸಾಹೇಬರು.

ಬಸವ ನನ್ನ ಮಾನ ಉಳಿಸಲು ಮುಂದೆ ಬಂದ. "ಸರ್, ಈ ಮಷೀನ್‌ದಾಗ ಅಕ್ಷರ ತಪ್ಪು ಕೂಡಿಸ್ಯಾರ್ರಿ. ನಮ್ಮ ಸರ್ ಮೊದಲೇ ಹೇಳಿದ್ರು."

ಸಾಹೇಬರು ಒಂದು ಪಾಟಿ ಇಸಿದುಕೊಂಡು ಮಷೀನಿನ ಪಕ್ಕಕ್ಕೆ ಇಟ್ಟು ನೋಡಿದರು. ನಂತರ ನನ್ನನ್ನು ನೋಡಿದರು. "ಮಾಸ್ತರ, ಜಗತ್ತಿನ್ಯಾಗಿನ ಎಲ್ಲಾ ಮಷೀನೂ ಹಿಂಗ ಅದಾವರಿ. ಎಲ್ಲಾ ತಪ್ಪೇನು?"

"ಇರಬಹುದ್ರಿ," ಎಂದೆ.

ಅವರು ಡ್ರೈವರನಿಗೆ ವೈರು ಸುತ್ತಲು ಹೇಳಿದರು. ಹೆಡ್ ಮಾಸ್ತರರ ಮುಖ ಬಾಡಿತು. ಹುಡುಗರು ಒಬ್ಬೊಬ್ಬರೇ ಪಾಟಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಕಣ್ಣೆದುರಿಗೆ ಬಂದ ಮಷೀನು ನನ್ನ ಜಾಣತನದಿಂದ ತಿರುಗಿ ಹೋಗುತ್ತಿತ್ತು. ನನಗೆ ನಿಜವಾಗಿಯೂ ಅಳು ಬರುವಂತಾಯಿತು.

ಆಗ ನೀಲವ್ವ ಗುಂಪು ಸರಿಸಿಕೊಂಡು ಮಗಳೊಂದಿಗೆ ಒಳಗೆ ಬಂದಳು. "ಸಾಹೇಬ್ರ, ನಮ್ಮ ಹುಡುಗೀನೂ ಒಂದ್ ಸಲ ನೋಡ್ರಿ. ಆಕಿಗೆ ಇವರು ಏನೂ ಕಲಿಸಿಲ್ಲ."

ನನ್ನ ವೃತ್ತಿಜೀವನದಲ್ಲಿ ಇಂಥ ಶಿಫಾರಸನ್ನು ನಾನು ಕೇಳಿರಲಿಲ್ಲ. ಸಾವಕ್ಕ ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಕೂತಳು. ಕಣ್ಣು ಅಗಲ ತೆರೆದು, ಅಕ್ಕಿಯಲ್ಲಿ ಹರಳು ಹುಡುಕಿದಂತೆ ಒಂದೊಂದೇ ಅಕ್ಷರ ಹುಡುಕಿ, ಒಂದೇ ಬೆರಳಿನಿಂದ ಒತ್ತಿದಳು. ತಡವಾಯಿತು. ಆದರೆ ಪರದೆಯ ಮೇಲೆ ಸಾವಕ್ಕ ಎಂದೇ ಬಂತು.

"ಹೆಂಗ ಗೊತ್ತಾತವ್ವ?"

"ಗುಂಡಿ ಮ್ಯಾಲೇ ಬರದೈತೆಲ್ಲರಿ," ಎಂದಳು ಸಾವಕ್ಕ.

ಸಾಹೇಬರು ನಕ್ಕು, "ಎಲ್ಲಾರೂ ಕಣ್ಣು ತಗೀರಿ, ಪಾಳಿ ಹಚ್ರಿ," ಎಂದರು. ಸಂಜೆಯೊಳಗೆ ಎಲ್ಲರ ಹೆಸರೂ ಪರದೆಯ ಮೇಲೆ ಬಂದು ಹೋಯಿತು. ಮಷೀನು ನಮ್ಮಲ್ಲೇ ಉಳಿಯಿತು.

ಅಂದು ಕಟ್ಟೆಯ ಮೇಲೆ ಕೂತು ಸೀಮೆಎಣ್ಣೆ ಹಚ್ಚಿ ಪಾಟಿ ಉಜ್ಜುತ್ತಿದ್ದೆ. ಸುಮಿತ್ರಾ ಚಹಾ ತಂದಿಟ್ಟಳು. "ಮಷೀನು ಉಳಿದಿದ್ದು ನಿಮ್ಮಿಂದನ ಅಂತ ನೀಲವ್ವ ಊರ ತುಂಬ ಹೇಳಾಕತ್ತಾಳ."

ನಾನು ಎದೆಯುಬ್ಬಿಸಿ, "ಏನಂದ್ಲು?" ಎಂದೆ.

"ಒಬ್ಬಾಕಿಗರ ಕಲಿಸದ ಬಿಟ್ರೆಲ್ಲ, ಪುಣ್ಯಾತ್ಮರು, ಅಂದ್ಲು."

ಮರುದಿನ ಕಂಪ್ಯೂಟರ್ ಪಿರಿಯಡ್ಡಿನ ಗಂಟೆ ಹೊಡೆಯಿತು. ಸಾವಕ್ಕ ಮಷೀನಿನ ಮುಂದೆ ಕೂತಳು. ಹೆಡ್ ಮಾಸ್ತರರು ನನ್ನ ಕೈಗೆ ಬಕೆಟ್ ಕೊಟ್ಟರು.